ಹದಿನೈದು ವರ್ಷದ ಚೀಟಿ

ಒಣ ಅಂಜೂರದ ವಾಸನೆ ಬಂದರೆ ನಾನು ಅಲ್ಲಿ ನಿಲ್ಲುವುದಿಲ್ಲ. ಹಣ್ಣಿನದೇನೂ ತಪ್ಪಿಲ್ಲ. ಮೊನ್ನೆ ಕ್ರಿಸ್ಮಸ್ ಕೇಕಿಗೆ ದ್ರಾಕ್ಷಿ ತರಲೆಂದು ಹೆಂಡತಿ ಮಾರ್ಕೆಟ್ಟಿಗೆ ಕಳಿಸಿದ್ದಳು. ಅಂಗಡಿಯವನು ನಾರಿನಲ್ಲಿ ಪೋಣಿಸಿದ ಅಂಜೂರದ ಹಾರವನ್ನು ಮೊಳೆಯಿಂದ ಇಳಿಸಿ ನನ್ನ ಮೂಗಿನ ಹತ್ತಿರವೇ ಹಿಡಿದು, "ಹೊಸ ಮಾಲು ಸಾರ್, ಒಂದು ತಿಂದ್ನೋಡಿ" ಎಂದ. ದ್ರಾಕ್ಷಿಯನ್ನೂ ಕೊಳ್ಳದೆ ವಾಪಸು ಬಂದೆ. ಹೆಂಡತಿ ಏನೂ ಕೇಳಲಿಲ್ಲ. ಅಕ್ಕ ತೀರಿಕೊಂಡ ವರ್ಷದ ಸಂಗತಿಗಳನ್ನು ಅವಳು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು.

ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿ ನನ್ನ ಸಣ್ಣ ಪ್ರೆಸ್ಸಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಬಿಲ್ ಪುಸ್ತಕ, ಎಲ್ಲವನ್ನೂ ಅಚ್ಚು ಹಾಕುತ್ತೇವೆ. ಡಿಸೆಂಬರ್ ಬಂತೆಂದರೆ ನಮ್ಮ ಚರ್ಚಿನ ಸಭೆಗೆ ವಾಗ್ದಾನದ ಚೀಟಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಒಂದು ತಟ್ಟೆಯಲ್ಲಿ ಚೀಟಿಗಳನ್ನು ಬೋರಲು ಹಾಕಿ ಇಟ್ಟಿರುತ್ತಾರೆ. ಒಬ್ಬೊಬ್ಬರೂ ಬಂದು ಒಂದೊಂದು ಎತ್ತಿಕೊಳ್ಳಬೇಕು. ಚೀಟಿಯಲ್ಲಿ ಬೈಬಲಿನ ಒಂದು ವಚನ ಇರುತ್ತದೆ. ಆ ವರ್ಷಕ್ಕೆ ದೇವರು ನಿಮಗೇ ಎಂದು ಕೊಟ್ಟ ಮಾತು ಅದು. ಕೆಲವರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಕೆಲವರು ಅಡುಗೆಮನೆಯ ಗೋಡೆಗೆ ಅಂಟಿಸುತ್ತಾರೆ. ನಮ್ಮಮ್ಮ ಅಕ್ಕಿ ಡಬ್ಬದೊಳಗೆ ಇಡುತ್ತಿದ್ದಳು.

ಚೀಟಿಗೆ ವಚನ ಆರಿಸುವ ಕೆಲಸವೂ ನನ್ನದೇ. ಚೀಟಿ ಇಸ್ಪೀಟೆಲೆಯಷ್ಟು ದೊಡ್ಡದು, ಅದರಲ್ಲಿ ಹೂವಿನ ಅಂಚು ಬೇರೆ. ಎರಡು ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ಸಿಹಿ ಇರುವ ಕಡೆ ಮಾತ್ರ ಕತ್ತರಿಸುತ್ತಿದ್ದೆ. 'ಆದಕಾರಣ', 'ಇದಲ್ಲದೆ', 'ಆದರೆ', 'ಆಗ' ಎಂದೆಲ್ಲ ಶುರುವಾಗುವ ವಚನಗಳಿದ್ದರೆ ಆ ಮೊದಲ ಪದ ಕಿತ್ತುಹಾಕಿ, ಕೊನೆಗೊಂದು ಪೂರ್ಣವಿರಾಮ ಒತ್ತಿಬಿಡುವುದು. ಇಪ್ಪತ್ತು ವರ್ಷ ಹೀಗೇ ಮಾಡಿದೆ. ಯಾರೂ ಚಕಾರ ಎತ್ತಿರಲಿಲ್ಲ.

ಎತ್ತಿದವರು ಶಿವನಂಜಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ನಮ್ಮ ಬೀದಿಯವರೇ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಜೇಬಿನಲ್ಲಿ ಎರಡು ಪೆನ್ಸಿಲು. ಹೊತ್ತು ಹೋಗುವುದಕ್ಕೆಂದು ಪ್ರೆಸ್ಸಿಗೆ ಬಂದು ಪ್ರೂಫ್ ನೋಡಿಕೊಡುತ್ತಿದ್ದರು. ಆ ಡಿಸೆಂಬರಿನಲ್ಲಿ ಮೊದಲ ಸಲ ಚೀಟಿಯ ಪ್ರೂಫ್ ಅವರ ಕೈಗೆ ಹೋಯಿತು. ಮೂಲ ನೋಡದೆ ತಿದ್ದುವ ಜನ ಅಲ್ಲ ಅವರು, ನನ್ನ ಮೇಜಿನ ಮೇಲಿದ್ದ ಬೈಬಲ್ ತೆಗೆದು ಒಂದೊಂದೇ ತಾಳೆ ಹಾಕತೊಡಗಿದರು.

"ಏನ್ರೀ ಕರುಣಾಕರ್, ಕೊಂಡಿಗಳನ್ನೆಲ್ಲ ಕಿತ್ತಾಕ್ಬುಟ್ಟಿದೀರಲ್ರೀ?"

"ಜಾಗ ಸಾಲಲ್ಲ ಮೇಷ್ಟ್ರೇ."

"ಇದಲ್ಲದೆ ಅಂದ್ರೆ ಯಾವ್ದಲ್ಲದೆ? ಹಿಂದೆ ಏನೋ ಇದೆ ಅಂತಾಯ್ತಲ್ಲ. ಮೆರವಣಿಗೆಯಿಂದ ಒಬ್ಬನ್ನ ಎಳ್ಕೊಂಬಂದು ಇವನೇ ಮೆರವಣಿಗೆ ಅಂದಂಗಾಯ್ತು."

ನಾನು ನಕ್ಕು, "ನಮ್ಮ ಜನಕ್ಕೆ ಅಷ್ಟು ಸಾಕು ಬಿಡಿ" ಎಂದೆ. ಆ ಮಾತನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದೇ ವಾರ ಅಕ್ಕ ಪ್ರೆಸ್ಸಿಗೆ ಬಂದಳು. ನನಗಿಂತ ಎಂಟು ವರ್ಷ ದೊಡ್ಡವಳು, ಹೆಸರು ಸುಗುಣ. ಮದುವೆಯಾಗಲಿಲ್ಲ. ಪ್ರೈಮರಿ ಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಂಪು ಪೆನ್ನು ಹಿಡಿದು, ಈಗ ಸಿದ್ಧಾರ್ಥನಗರದ ಮನೆಯಲ್ಲಿ ಮೂರು ಬೆಕ್ಕುಗಳನ್ನೂ ಅಕ್ಕಪಕ್ಕದ ಮಕ್ಕಳನ್ನೂ ಒಂದೇ ಶಿಸ್ತಿನಲ್ಲಿ ಇಟ್ಟಿದ್ದಳು. ಭಾನುವಾರ ಸಂಡೆ ಸ್ಕೂಲಿನ ಮಕ್ಕಳಿಗೆ ಬೈಬಲಿನ ಕಥೆ ಹೇಳುತ್ತಿದ್ದವಳೂ ಅವಳೇ. ಅವಳು ಕೂತುಕೊಳ್ಳದೆ ಕಟಿಂಗ್ ಮಷೀನಿನ ಪಕ್ಕ ನಿಂತೇ ಹೇಳಿದಳು: ಎದೆಯಲ್ಲಿ ಗಂಟು. ಪರೀಕ್ಷೆಯಾಗಿದೆ. ಕ್ಯಾನ್ಸರ್ರೇ. ಇನ್ನೂ ಚಿಕ್ಕದು, ಈಗಲೇ ತೆಗೆದರೆ ಬಚಾವು ಎಂದಿದ್ದಾರಂತೆ. ಜನವರಿ ಎರಡನೇ ವಾರ ಆಪರೇಷನ್ನು.

"ಭಯ ಆಯ್ತದೆ ಕಣೋ ಕರುಣ" ಎಂದಳು. ನಮ್ಮಪ್ಪ ಸತ್ತಾಗಲೂ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಅವಳಿಗೆ ಧೈರ್ಯ ಬರಲಿ ಎಂದಷ್ಟೇ ನಾನು ಮಾಡಿದ್ದು. ಹೀಗೆಂದು ಎಷ್ಟೋ ಸಲ ದೇವರೆದುರು ವಾದಿಸಿದ್ದೇನೆ, ಇನ್ನೂ ತೀರ್ಪು ಬಂದಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹಿಜ್ಕೀಯ ಎಂಬ ರಾಜನ ಕಥೆ ಇದೆ. ಕಾಯಿಲೆ ಬಿದ್ದು ಸಾಯುವ ಸ್ಥಿತಿಯಲ್ಲಿದ್ದವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅತ್ತ. ದೇವರು ತನ್ನ ಪ್ರವಾದಿಯ ಮೂಲಕ ಮಾತು ಕೊಟ್ಟು ಅವನ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸಿದ. ಗುರುತಿಗೆಂದು ಬಿಸಿಲಿನ ನೆರಳು ಹತ್ತು ಮೆಟ್ಟಿಲು ಹಿಂದಕ್ಕೆ ಹೋಯಿತು. ಅಕ್ಕ ಸಂಡೆ ಸ್ಕೂಲಿನಲ್ಲಿ ಹಲಗೆಯ ಮೇಲೆ ಬಟ್ಟೆಯ ಚಿತ್ರ ಅಂಟಿಸಿ ಅಂಟಿಸಿ ಹೇಳುತ್ತಿದ್ದ ಕಥೆ ಅದು. ಆ ವಚನದ ಮೊದಲಿನ 'ಇದಲ್ಲದೆ' ಕಿತ್ತು, 'ನಿನ್ನ ಆಯುಸ್ಸಿಗೆ ಹದಿನೈದು ವರುಷ ಕೂಡಿಸುವೆನು' ಎಂದಷ್ಟೇ ಉಳಿಸಿಕೊಂಡು, ಪೂರ್ಣವಿರಾಮ ಒತ್ತಿ, ಒಂದೇ ಒಂದು ಪ್ರತಿ ತೆಗೆದೆ. ಅದರ ಕೆಳಗಿನ ವಚನವೂ ಕಣ್ಣಿಗೆ ಬಿದ್ದಿತ್ತು. ಹುಣ್ಣು, ಅಂಜೂರ ಎಂದೆಲ್ಲ ಇತ್ತು. ಚೀಟಿಗೆ ಹೊಂದುವ ಮಾತಲ್ಲವೆಂದು ಬಿಟ್ಟೆ.

ಹೊಸ ವರ್ಷದ ಬೆಳಿಗ್ಗೆ ತಟ್ಟೆ ಹಿಡಿದು ನಿಂತವನೂ ನಾನೇ. ಅಕ್ಕನ ಅಭ್ಯಾಸ ನನಗೆ ಗೊತ್ತು. ಚಿಕ್ಕಂದಿನಲ್ಲಿ ಮಿಠಾಯಿ ತಟ್ಟೆ ಬಂದರೂ ಮೇಲಿನದನ್ನು ಮುಟ್ಟದೆ, ತನ್ನ ಕಡೆಯ ಅಂಚಿನಲ್ಲಿ ಅಡಿಯಲ್ಲಿರುವುದನ್ನೇ ಎಳೆದುಕೊಳ್ಳುತ್ತಿದ್ದಳು. ಅವಳು ಸಾಲಿನಲ್ಲಿ ಹತ್ತಿರ ಬಂದಾಗ ಅಲ್ಲಿಗೆ ಆ ಚೀಟಿ ಸರಿಸಿದೆ. ಅವಳು ಅದನ್ನೇ ತೆಗೆದಳು. ಅಲ್ಲೇ ನಿಂತು ಓದಿದಳು. ನನ್ನ ಮುಖ ನೋಡಿ ನಕ್ಕಳು. ಅವಳು ಅಷ್ಟು ಚೆಲುವಾಗಿ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಎರಡನೇ ವಾರ ಆಸ್ಪತ್ರೆಗೆ ಕರೆದೊಯ್ಯಲು ಆಟೋ ತಂದರೆ ಅಕ್ಕ ಬಾಗಿಲಲ್ಲಿ ಕೂತು ಬೆಕ್ಕಿಗೆ ಹಾಲು ಹಾಕುತ್ತಿದ್ದಳು. "ಆಟೋ ಕಳಿಸ್ಬುಡು" ಎಂದಳು. "ದೇವ್ರು ಹದಿನೈದು ವರ್ಷ ಅಂತ ಬಾಯ್ಬಿಟ್ಟು ಹೇಳಿದ ಮೇಲೆ ಹೋಗಿ ಕುಯ್ಸ್ಕೊಂಡ್ರೆ ನಂಬಿಕೆ ಇಲ್ಲ ಅಂತಲ್ವೇನೋ?"

ಆಗ ಹೇಳಬೇಕಿತ್ತು. ಆ ಆಟೋದವನ ಎದುರಿಗೇ ಹೇಳಬೇಕಿತ್ತು. ಹೇಳಿದರೆ ಆ ನಗು ಹೋಗುತ್ತದೆ, ನನ್ನ ಮರ್ಯಾದೆ ಹೋಗುತ್ತದೆ, ಸಭೆಯಲ್ಲಿ ತಲೆ ಎತ್ತಲಾಗುವುದಿಲ್ಲ ಎಂದೆಲ್ಲ ಲೆಕ್ಕ ಹಾಕಿದೆ. "ಡಾಕ್ಟರ್ ಹೇಳಿದ್ದೂ ಕೇಳಬೇಕಲ್ವಾ ಅಕ್ಕ" ಎಂದು ಗೊಣಗಿ ಸುಮ್ಮನಾದೆ. ಸಭಾಪಾಲಕರು ಮನೆಗೇ ಬಂದು, "ಅಮ್ಮಾ, ವೈದ್ಯರೂ ದೇವರು ಕೊಟ್ಟವರೇ" ಎಂದು ಬುದ್ಧಿ ಹೇಳಿದರು. ಅವಳು ಅವರಿಗೂ ಕಾಫಿ ಕೊಟ್ಟು ಕಳಿಸಿದಳು. ಫೆಬ್ರವರಿಯ ಒಂದು ಭಾನುವಾರ ಆರಾಧನೆಯಲ್ಲಿ ಎದ್ದುನಿಂತು, ಚೀಟಿ ಎತ್ತಿ ತೋರಿಸಿ, ದೇವರು ತನಗೆ ಮಾತು ಕೊಟ್ಟಿದ್ದಾನೆಂದು ಸಾಕ್ಷಿ ಹೇಳಿದಳು. ಜನ ಸ್ತೋತ್ರ ಎಂದರು. ನಾನು ಮೂರನೇ ಸಾಲಿನಲ್ಲಿ ಕೂತು ಹಾಡಿನ ಪುಸ್ತಕದ ರಟ್ಟು ಕೆರೆಯುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ.

ಮಾರ್ಚ್, ಏಪ್ರಿಲ್, ಮೇ. ಆ ಬೇಸಿಗೆ ಮೈಸೂರಿನಲ್ಲಿ ಎಂದೂ ಇಲ್ಲದ ಸೆಕೆ. ಅಕ್ಕ ಎಡಗೈಯಲ್ಲಿ ಬಿಂದಿಗೆ ಎತ್ತುವುದನ್ನು ಬಿಟ್ಟಳು. ಆಮೇಲೆ ಸೆರಗನ್ನು ಬಿಗಿಯಾಗಿ ಹೊದೆಯತೊಡಗಿದಳು. ಮೇ ಕೊನೆಗೆ ಅವಳ ಮನೆಗೆ ಹೋದರೆ ಊದುಬತ್ತಿಯ ವಾಸನೆ. ನಮ್ಮ ಮನೆಗಳಲ್ಲಿ ಊದುಬತ್ತಿ ಹಚ್ಚುವ ರೂಢಿಯಿಲ್ಲ. ಯಾವ ವಾಸನೆ ಮುಚ್ಚಲು ಹಚ್ಚಿದ್ದಳೆಂದು ಗೊತ್ತಾಗಿಯೂ ಗೊತ್ತಾಗದವನಂತೆ ಚಹಾ ಕುಡಿದು ಬಂದೆ.

ಜೂನಿನಲ್ಲಿ, ಮೊದಲ ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ಶಿವನಂಜಪ್ಪ ಮೇಷ್ಟ್ರು ಕೊಡೆ ಮಡಿಸುತ್ತ ಪ್ರೆಸ್ಸಿಗೆ ಬಂದರು. ಡಿಸೆಂಬರಿನಲ್ಲಿ ಕಿತ್ತ ಕೊಂಡಿಗಳು ಅವರ ತಲೆ ಕೊರೆದಿದ್ದವಂತೆ. ಲೈಬ್ರರಿಯಿಂದ ಬೈಬಲ್ ತಂದು ಮೊದಲ ಪುಟದಿಂದ ಓದುತ್ತ ಬಂದಿದ್ದರು, ಆರು ತಿಂಗಳಿಂದ.

"ಇದು ಬಿಡಿ ವಚನ ಅಲ್ಲ ಕಣ್ರೀ, ಒಂದೇ ಕಥೆ. ತೋಟದಿಂದ ಶುರುವಾಗಿ ಎಲ್ಲಿಗೋ ಹೋಗ್ತಾ ಇದೆ, ಎಲ್ಲಿಗೆ ಅಂತ ನಂಗಿನ್ನೂ ಗೊತ್ತಾಗಿಲ್ಲ. ಹಾಂ, ನಿಮ್ಮಕ್ಕನಿಗೆ ಚೀಟೀಲಿ ಬಂತು ಅಂದಿದ್ರಲ್ಲ, ಆ ಹದಿನೈದು ವರ್ಷ ಸಿಕ್ತು ನೋಡಿ. ಅದರ ಕೆಳಗಿನ ಸಾಲಲ್ಲೇ ಮದ್ದಿದೆಯಲ್ರೀ! ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಿ ಅಂತ ಆ ಪ್ರವಾದೀನೇ ಹೇಳ್ತಾನೆ. ಕಟ್ಟಿದ ಮೇಲೆ ವಾಸಿಯಾಯ್ತು ಅಂತಿದೆ. ಟೀಚರಮ್ಮ ಆಪರೇಷನ್ ಮಾಡಿಸ್ಕೊಂಡ್ರು ತಾನೇ?"

ಕಟಿಂಗ್ ಮಷೀನಿನ ಹಿಡಿ ನನ್ನ ಕೈಯಲ್ಲೇ ನಿಂತಿತು. ಅಂದೇ ಸ್ಕೂಟರಿನ ಹಿಂದೆ ಮೇಷ್ಟ್ರನ್ನು ಕೂರಿಸಿಕೊಂಡು ಸಿದ್ಧಾರ್ಥನಗರಕ್ಕೆ ಹೋದೆ. ಅವರು ಅಕ್ಕನ ಎದುರು ಕೂತು, ತರಗತಿಯಲ್ಲಿ ಓದುವಂತೆ ಇಡೀ ಅಧ್ಯಾಯ ಓದಿದರು. ಅಂಜೂರದ ಸಾಲು ಬಂದಾಗ ಅಕ್ಕ ಕೈ ಎತ್ತಿ ನಿಲ್ಲಿಸಿದಳು.

"ಇನ್ನೊಂದ್ಸಲ ಓದಿ."

ಓದಿದರು.

"ಮೂವತ್ತು ವರ್ಷ ಪಾಠ ಮಾಡಿದೀನಿ ಮೇಷ್ಟ್ರೇ. ಸೂರ್ಯನ ಚಿತ್ರ ಇತ್ತು, ರಾಜನ ಚಿತ್ರ ಇತ್ತು. ಅಂಜೂರದ ಚಿತ್ರ ಇರ್ಲಿಲ್ಲ. ನಾನೂ ಅದನ್ನ ಬಿಟ್ಟೇ ಹೇಳ್ತಿದ್ದೆ." ಸೆರಗು ಹೊದ್ದು ಎದ್ದಳು. "ಕರುಣ, ಆಟೋ ಕರಿ."

ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತು. ಈಗ ಕುಯ್ಯುವ ಹಂತ ದಾಟಿದೆ ಎಂದರು ಡಾಕ್ಟರು, ಮೂಳೆಗೂ ಹೋಗಿದೆ. ಅವರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಡಿಸೆಂಬರಿನಲ್ಲಿ ತಾವೇ ಬರೆದಿದ್ದ ಹಾಳೆಯನ್ನು ಎರಡು ಸಲ ತಿರುವಿ ಹಾಕಿ, "ಯಾಕಮ್ಮಾ ಬರಲಿಲ್ಲ?" ಎಂದು ಕೇಳಿದರು. ಅಕ್ಕ, "ತಪ್ಪು ಓದ್ಕೊಂಬುಟ್ಟಿದ್ದೆ" ಎಂದಳು. ಡಾಕ್ಟರು ಹಾಳೆಯ ಮಾತೆಂದುಕೊಂಡರು.

ಜುಲೈನಿಂದ ಮೂರು ವಾರಕ್ಕೊಮ್ಮೆ ಔಷಧಿ ಏರಿಸುವುದು ಶುರುವಾಯಿತು. ಮೊದಲ ಸರದಿ ಮುಗಿಸಿ ಬಂದ ದಿನ ಅಕ್ಕ, "ಮೊದಲಿಂದ ಓದಿ. ಒಂದು ಸಾಲೂ ಬಿಡಬೇಡಿ. ಪಟ್ಟಿ ಬಂದ್ರೂ ಓದಿ, ಬಯ್ಗುಳ ಬಂದ್ರೂ ಓದಿ" ಎಂದಳು. ಅಲ್ಲಿಂದ ನಮ್ಮ ಓದು. ಸಂಜೆ ನಾಲ್ಕಕ್ಕೆ ಮೇಷ್ಟ್ರೂ ನಾನೂ ಹೋಗುತ್ತಿದ್ದೆವು. ನಮ್ಮಪ್ಪನ ದಪ್ಪಕ್ಷರದ ಬೈಬಲ್ಲು, ಒಂದಿಷ್ಟು ಅವರು, ಒಂದಿಷ್ಟು ನಾನು. ಅಕ್ಕನ ಸಣ್ಣ ಬೈಬಲ್ಲು ಅವಳ ದಿಂಬಿನ ಪಕ್ಕ ಇರುತ್ತಿತ್ತು, ಅದನ್ನು ನಾವು ಮುಟ್ಟುತ್ತಿರಲಿಲ್ಲ. ಮೊದಲ ಗಂಡು ಹೆಣ್ಣು ತಪ್ಪು ಮಾಡಿ ಅಂಜೂರದ ಎಲೆ ಹೊಲಿದು ಮೈ ಮುಚ್ಚಿಕೊಂಡಿದ್ದು ಓದಿದಾಗ ಮೇಷ್ಟ್ರು, "ಓಹೋ, ಅಂಜೂರ ಇಲ್ಲಿಂದಲೇ ಶುರು" ಎಂದರು. ಅಣ್ಣನೇ ತಮ್ಮನನ್ನು ಕೊಂದದ್ದು ಬಂದಾಗ ಪುಸ್ತಕ ಅವರಿಗೆ ದಾಟಿಸಿದೆ. ಗುಲಾಮರಾಗಿದ್ದವರು ಹೊರಟರು, ಮರುಭೂಮಿಯಲ್ಲಿ ಗೊಣಗಿದರು, ರಾಜನನ್ನು ಬೇಡಿದರು, ರಾಜರು ಕೆಟ್ಟರು. ಅಕ್ಕನ ಕೂದಲು ಉದುರಿತು. ಊಟ ಸೇರದಾಯಿತು. ನೋವಿನ ಮಾತ್ರೆ ಎರಡರಿಂದ ಆರಾಯಿತು. ಆದರೂ ಸಂಜೆ ನಾಲ್ಕಕ್ಕೆ ಎದ್ದು ಒರಗಿ ಕೂತು, "ನಿನ್ನೆ ಎಲ್ಲಿಗೆ ನಿಲ್ಸಿದ್ದು?" ಎನ್ನುತ್ತಿದ್ದಳು. ದಸರೆಗೆಂದು ರಸ್ತೆ ಮುಚ್ಚಿದ ದಿನಗಳಲ್ಲಿ ಮೇಷ್ಟ್ರು ಸುತ್ತುಬಳಸಿ ನಡೆದೇ ಬಂದರು.

ಹಿಜ್ಕೀಯನ ಅಧ್ಯಾಯ ಈ ಸಲ ಸರದಿಯಲ್ಲಿ ಬಂತು, ಅಂಜೂರವೂ ಬಂತು. ಮೇಷ್ಟ್ರು ನಿಲ್ಲಿಸದೆ ಮುಂದೆ ಹೋದರು. ವಾಸಿಯಾದ ರಾಜ ದೂರದೇಶದ ದೂತರಿಗೆ ಅರಮನೆಯ ಭಂಡಾರವನ್ನೆಲ್ಲ ತೆರೆದು ತೋರಿಸಿ ಮೆರೆದ. ಒಂದು ದಿನ ಇದೆಲ್ಲ ಅದೇ ದೇಶಕ್ಕೆ ಲೂಟಿ ಹೋಗುತ್ತದೆ, ನಿನ್ನ ಮಕ್ಕಳೂ ಹೋಗುತ್ತಾರೆ ಎಂದು ಪ್ರವಾದಿ ಹೇಳಿದರೆ, ನನ್ನ ಕಾಲಕ್ಕೆ ನೆಮ್ಮದಿ ಇದ್ದರೆ ಸಾಕೆಂದ. ಅವನ ನಂತರ ಪಟ್ಟಕ್ಕೆ ಬಂದ ಮಗ ಮನಸ್ಸೆ ಎಲ್ಲರಿಗಿಂತ ಕೆಟ್ಟವನು, ಊರಿನ ತುಂಬ ರಕ್ತ ಹರಿಸಿದವನು. ಪಟ್ಟಕ್ಕೆ ಬಂದಾಗ ಅವನಿಗೆ ಹನ್ನೆರಡು ವರ್ಷ.

ಅಕ್ಕ ಮಗ್ಗಿ ಕೇಳುವ ಧ್ವನಿಯಲ್ಲಿ ಎಣಿಸಿದಳು. "ಹದಿನೈದರಲ್ಲಿ ಹನ್ನೆರಡು ಹೋದ್ರೆ ಮೂರು. ಬೇಡಿ ಪಡ್ಕೊಂಡ ಆಯುಸ್ಸಲ್ಲಿ ಹುಟ್ದೋನು ಇವನು."

ಮೇಷ್ಟ್ರು ಹೊರಟ ಮೇಲೆ ನಾನು ಮಂಚದ ಪಕ್ಕದಲ್ಲಿ ಉಳಿದೆ. ಇನ್ನು ತಡೆಯಲಾಗಲಿಲ್ಲ. "ಅಕ್ಕ, ಆ ಚೀಟಿ ನಾನೇ ಇಟ್ಟಿದ್ದು. ಒಂದೇ ಪ್ರತಿ ಮಾಡಿ, ನೀನು ಕೈ ಹಾಕೋ ಕಡೆಗೆ ಸರಿಸಿದ್ದೆ."

ಅವಳು ಅಳಲಿಲ್ಲ, ಬಯ್ಯಲಿಲ್ಲ. "ನೀನು ಅಂತ ಗೊತ್ತಿದ್ದಿದ್ರೆ ಆಸ್ಪತ್ರೆಗೆ ಹೋಗ್ತಿದ್ನಲ್ಲೋ" ಎಂದಳು. "ದೇವ್ರು ಅಂದ್ಕೊಂಡೆ."

ಆಮೇಲೆ ಹಿಜ್ಕೀಯನ ಹಾಗೆಯೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಒಂದು ವಾರ ನನ್ನೊಂದಿಗೆ ಮಾತಿಲ್ಲ. ನಾನು ಹೋಗುವುದನ್ನು ನಿಲ್ಲಿಸಲಿಲ್ಲ. ಮೇಷ್ಟ್ರು ಓದುತ್ತಿದ್ದರು, ನಾನು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. ಅವರಿಗೆ ಏನೋ ಆಗಿದೆ ಎಂದು ತಿಳಿದಿತ್ತು, ಏನೆಂದು ಕೇಳಲಿಲ್ಲ. ಎಂಟನೇ ದಿನ ಅವರಿಗೆ ಜ್ವರ ಬಂತು. ಅಕ್ಕ ಗೋಡೆ ನೋಡುತ್ತಲೇ, "ಇನ್ಯಾರು ಓದ್ತಾರೆ, ಓದು" ಎಂದಳು. ಪಟ್ಟಣ ಬಿದ್ದದ್ದು, ದೇವಾಲಯ ಸುಟ್ಟದ್ದು, ಜನ ಸೆರೆ ಹೋದದ್ದು, ಎಲ್ಲವನ್ನೂ ನಾನೇ ಓದಿದೆ. ಕ್ಷಮಿಸು ಎಂದು ಕೇಳಲು ಬಾಯಿ ಬರಲಿಲ್ಲ.

ನವೆಂಬರಿನಲ್ಲಿ ಹೊಸ ಒಡಂಬಡಿಕೆಗೆ ಬಂದೆವು. ಅದು ಶುರುವಾಗುವುದೇ ಯೇಸುವಿನ ವಂಶಾವಳಿಯಿಂದ. ಇಂಥವನು ಇಂಥವನನ್ನು ಪಡೆದನು ಎಂದು ಸಾಲುಸಾಲು ಹೆಸರು. ಸಂಡೆ ಸ್ಕೂಲಿನಲ್ಲಿ ಅಕ್ಕ ಹಾರಿಸುತ್ತಿದ್ದದ್ದು, ನಾನು ಒಂದು ಚೀಟಿಗೂ ಹಾಕದೇ ಇದ್ದದ್ದು. ಅಷ್ಟು ಹೊತ್ತಿಗೆ ಅವಳಿಗೆ ಏಳಲಾಗುತ್ತಿರಲಿಲ್ಲ, ಉಸಿರು ಮೇಲೆ ಮೇಲೆ. ಮೇಷ್ಟ್ರು ನಿಧಾನವಾಗಿ ಓದುತ್ತ ಬಂದರು. ಹಿಜ್ಕೀಯನು ಮನಸ್ಸೆಯನ್ನು ಪಡೆದನು ಎಂಬಲ್ಲಿಗೆ ಅಕ್ಕ ಕಣ್ಣು ತೆರೆದಳು.

"ಆ ಪಾಪಿಷ್ಠನೂ ಇದಾನಾ?"

"ಇದಾನೆ ಟೀಚರಮ್ಮ. ಹೆಸರು ಹಿಡ್ದೇ ಹಾಕಿದಾರೆ."

"ತೆಗೀಲಿಲ್ವಾ?"

"ತೆಗೆಯೋಕೆ ಎಲ್ಲಾಗ್ತದೆ? ಇವನನ್ನ ತೆಗೆದ್ರೆ ಮುಂದಿನೋರು ಹುಟ್ಟೋದು ಎಂಗೆ? ಸಾಲು ಕಿತ್ತೋಗ್ತದೆ."

ಅಕ್ಕ ಬಾಗಿಲ ಬಳಿ ಇದ್ದ ನನ್ನ ಕಡೆ ಕೈ ಮಾಡಿ ಕರೆದಳು. ಹತ್ತಿರ ಹೋದೆ. ಮಣಿಕಟ್ಟು ಹಿಡಿದುಕೊಂಡಳು, ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದಂತೆ, ನೋಯುವ ಹಾಗೆ.

"ನಿನ್ನ ಎಂಗೋ ತೆಗೀಲಿ" ಎಂದಳು. "ಸಾಲು ಕಿತ್ತೋಗ್ತದೆ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ.

ಅದಾಗಿ ಒಂಬತ್ತು ದಿನಕ್ಕೆ, ಬೆಳಗಿನ ಹಾಲಿನವನು ಗಂಟೆ ಬಾರಿಸುವ ಹೊತ್ತಿಗೆ ಹೋದಳು. ಚೀಟಿ ತೆಗೆದ ದಿನದಿಂದ ಹನ್ನೊಂದು ತಿಂಗಳು. ತಿಥಿ ಕಾರ್ಡುಗಳನ್ನು ಸಾವಿರಾರು ಹಾಕಿರುವ ನನಗೆ ಅವಳ ಸ್ಮರಣೆಯ ಆರಾಧನೆಯ ಕಾರ್ಡು ಹಾಕಲು ಕೈ ಬರಲಿಲ್ಲ, ಬೇರೆ ಪ್ರೆಸ್ಸಿಗೆ ಕೊಟ್ಟೆ. ಸಭೆಯ ಎದುರು ನಿಂತು ಚೀಟಿಯ ವಿಷಯ ಪೂರ್ತಿ ಹೇಳಿದೆ. ಕೆಲವರು ಅತ್ತರು, ಕೆಲವರು ಇಂದಿಗೂ ನನ್ನ ಕೈ ಕುಲುಕುವುದಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ. ಚೀಟಿ ಈಗ ಬೇರೆಲ್ಲಿಂದಲೋ ಬರುತ್ತದೆ, ನಾನು ಎತ್ತಿಕೊಳ್ಳುವುದಿಲ್ಲ.

ಉಳಿದ ಪುಟಗಳನ್ನು ಮೇಷ್ಟ್ರೂ ನಾನೂ ಅಕ್ಕನ ಖಾಲಿ ಮಂಚದ ಪಕ್ಕದಲ್ಲೇ ಕೂತು ಓದಿದೆವು. ಅವರೇ ಹಟ ಮಾಡಿದರು, ಹಿಡಿದ ಕಥೆ ನಡುವೆ ಬಿಡಬಾರದೆಂದು. ಕಡೆಯ ಪುಟದಲ್ಲಿ ಒಂದು ಪಟ್ಟಣ, ನಡುವೆ ನದಿ, ದಡದಲ್ಲಿ ಮರ, ಆ ಮರದ ಎಲೆ ಜನಾಂಗಗಳಿಗೆ ಔಷಧ. "ಮೊದಲಲ್ಲಿ ಮಾನ ಮುಚ್ಚೋಕೆ ಎಲೆ, ಕಡೇಲಿ ಗಾಯಕ್ಕೆ ಎಲೆ" ಎಂದು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಕಥೆಯ ಸೊಗಸು ಕಾಣಲಿಲ್ಲ. ಈ ಎಲೆ ಜನವರಿಯಲ್ಲಿ ಎಲ್ಲಿತ್ತು ಎಂದು ಸಿಟ್ಟು ಬಂತು. ಎಲ್ಲಿತ್ತೆಂದು ನನಗೇ ಗೊತ್ತಿತ್ತು. ನಾನು ಕತ್ತರಿಸಿದ್ದರ ಕೆಳಗಿನ ಸಾಲಿನಲ್ಲಿತ್ತು.

ಮನೆ ಖಾಲಿ ಮಾಡುವ ದಿನ ಅವಳ ಸಣ್ಣ ಬೈಬಲ್ಲು ಎತ್ತಿಕೊಂಡೆ. ಒಂದು ಕಡೆ ಪುಟ ಉಬ್ಬಿ ಅದು ತಾನಾಗಿ ತೆರೆದುಕೊಂಡಿತು. ಹೂವಿನ ಅಂಚನ್ನೆಲ್ಲ ಕತ್ತರಿಸಿ ಹಾಕಿ, ಎರಡು ಸಾಲಿನ ಪಟ್ಟಿಯಷ್ಟೇ ಉಳಿಸಿ, ಆ ಚೀಟಿಯನ್ನು ಅದರದೇ ವಚನದ ಮೇಲೆ ಮೈದಾ ಅಂಟಿನಿಂದ ನೇರವಾಗಿ ಅಂಟಿಸಿದ್ದಳು. ಯಾವಾಗ ಅಂಟಿಸಿದಳೋ, ನಡುಗುವ ಕೈಯಲ್ಲಿ ಅಷ್ಟು ನೇರ ಹೇಗೆ ಬಂತೋ. ಸಾಲಿನ ಮೊದಲಲ್ಲಿ ಕೆಂಪು ಪೆನ್ನಿನಲ್ಲಿ, ಮಕ್ಕಳ ನೋಟ್‌ಬುಕ್ಕಿನಲ್ಲಿ ಬಿಟ್ಟುಹೋದ ಪದ ಸೇರಿಸುವಂತೆ, 'ಇದಲ್ಲದೆ' ಎಂದು ಬರೆದಿದ್ದಳು. ಕೊನೆಯಲ್ಲಿ ನಾನು ಒತ್ತಿದ್ದ ಪೂರ್ಣವಿರಾಮವನ್ನು ಹೊಡೆದುಹಾಕಿದ್ದಳು. ಅದರ ಪಕ್ಕದಿಂದ ಒಂದು ಬಾಣದ ಗುರುತು ಕೆಳಗಿನ ಸಾಲಿಗೆ, ಅಂಜೂರದ ಸಾಲಿಗೆ, ಇಳಿದಿತ್ತು. ಅಂಚಿನಲ್ಲಿ ಎರಡು ಪದ: 'ಕರುಣ, ಓದು.'